ಗಂಧವೂ ಹೊಗೆಯೂ

(ಶಾಲೆಯ ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಕಳೆದ ಸರಸ್ವತೀ ಪೂಜೆಯ ದಿನ ಇದೇ ಸಭಾಂಗಣದಲ್ಲಿ ನಡೆದ ಸಂಗತಿಯೊಂದು ತಮ್ಮಲ್ಲಿ ಹಲವರಿಗೆ ನೆನಪಿರಬಹುದು. ಹೊರಗೆ ಜಡಿಮಳೆ ಹಿಡಿದಿತ್ತು. ಎರಚಲು ಒಳಗೆ ಬಾರದಿರಲೆಂದು ಕಿಟಕಿಗಳನ್ನೆಲ್ಲ ನಾವೇ ಮುಚ್ಚಿಸಿದ್ದೆವು. ಒಂದೊಂದು ತರಗತಿಯವರೂ ಭಕ್ತಿಯಿಂದ ಒಂದೊಂದು ಕಟ್ಟು ಊದುಬತ್ತಿ ತಂದಿದ್ದರು; ಎಲ್ಲವನ್ನೂ ಹಚ್ಚಿದ್ದಾಯಿತು. ಅದರ ಮೇಲೆ ಕೆಂಡದ ಬಟ್ಟಲಿನಲ್ಲಿ ಸಾಂಬ್ರಾಣಿ ಬೇರೆ. ಮಂಗಳಾರತಿಯ ವೇಳೆಗೆ ಮುಂದಿನ ಸಾಲಿನಲ್ಲಿ ಕುಳಿತಿದ್ದ ಮಗುವೊಂದಕ್ಕೆ ಉಬ್ಬಸ ಮೊದಲಾಗಿ, ಮಾತನಾಡಲಾರದೆ ಅದು ನಮ್ಮ ಅಂಗಿಯ ತುದಿಯನ್ನು ಹಿಡಿದುಕೊಂಡಿತು. ಹೊರಗಿನ ಜಗಲಿಗೆ ಎತ್ತಿಕೊಂಡು ಹೋಗಿ ಕೂರಿಸಿ, ಅದರ ಮನೆಯವರು ತಂದ ಔಷಧವನ್ನು ಸೇದಿಸಿದ ಮೇಲೆ ಚೇತರಿಸಿಕೊಂಡಿತು. ತಪ್ಪು ಮಗುವಿನದಲ್ಲ, ಮನೆಯವರದೂ ಅಲ್ಲ. ಕಿಟಕಿ ಮುಚ್ಚಿಸಿದ ನಮ್ಮದು. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಇಷ್ಟು ಪರಿಮಳವಾದ ವಸ್ತು ಒಂದು ಮಗುವಿನ ಉಸಿರನ್ನು ಕಟ್ಟಿಸುವುದೆಂದರೇನು? ಈ ಪ್ರಶ್ನೆಯ ಬೆನ್ನುಹತ್ತಿ ನಾವು ತಿಳಿದುಕೊಂಡುದನ್ನು ಈ ದಿನ ತಮ್ಮ ಮುಂದಿಡುತ್ತಿದ್ದೇವೆ. ನಾವು ಬಿ.ಎ. ಪರೀಕ್ಷೆಗೆ ಇತಿಹಾಸ ಓದಿದವರು. ರಸಾಯನಶಾಸ್ತ್ರದ ಮಾತು ಬಂದಲ್ಲೆಲ್ಲ ನಮ್ಮ ವಿಜ್ಞಾನದ ಅಧ್ಯಾಪಕರು ಈ ಬರಹವನ್ನು ತಿದ್ದಿಕೊಟ್ಟಿದ್ದಾರೆ.

ನಮ್ಮ ತಾಳವಾಡಿ ಸೀಮೆಯವರಿಗೆ ಶ್ರೀಗಂಧದ ಪರಿಚಯವನ್ನು ಹೇಳಿಕೊಡಬೇಕಾಗಿಲ್ಲ. ಈ ಬೆಟ್ಟಗಳಲ್ಲಿಯೇ ಅದು ತಾನಾಗಿ ಬೆಳೆಯುವ ಮರ. ಘಟ್ಟ ಇಳಿದರೆ ಸತ್ಯಮಂಗಲದಲ್ಲಿ ಅರಣ್ಯ ಇಲಾಖೆಯ ಗಂಧದ ಕೋಠಿ ಉಂಟು. ಆದರೂ ಮಕ್ಕಳಿಗಾಗಿ ಒಂದೆರಡು ಮಾತು. ಗಂಧದ ಸಸಿ ತನ್ನ ಬೇರುಗಳನ್ನು ನೆರೆಯ ಗಿಡದ ಬೇರಿಗೆ ಅಂಟಿಸಿ ಅಲ್ಲಿಂದ ನೀರನ್ನೂ ಲವಣಗಳನ್ನೂ ಹೀರುತ್ತದೆ. ಹೀಗೆ ಅದು ಅರೆಪರಾವಲಂಬಿ. ಎಳೆಯ ಮರಕ್ಕೆ ಪರಿಮಳವಿಲ್ಲ. ಹೊರಗಿನ ಬಿಳಿಯ ಭಾಗಕ್ಕೂ ಇಲ್ಲ. ವರ್ಷಗಳು ಕಳೆದು ಒಳಗೆ ಚೇಗು ಬಲಿತ ಮೇಲೆಯೇ ಅದರಲ್ಲಿ ತೈಲ ಕೂಡುತ್ತದೆ. ಬೇರಿನಲ್ಲಿ ಇನ್ನೂ ಹೆಚ್ಚು. 1916ರಲ್ಲಿ ಮೈಸೂರು ಸಂಸ್ಥಾನವು ಈ ತೈಲವನ್ನು ಬಟ್ಟಿಯಿಳಿಸಲು ಕಾರ್ಖಾನೆಯನ್ನು ತೆರೆಯಿತು. ಮಹಾಯುದ್ಧದ ಕಾಲದಲ್ಲಿ ಯೂರೋಪಿಗೆ ಮರವನ್ನು ಕಳಿಸಲಾಗದೆ ಉಳಿದುದೇ ಅದಕ್ಕೆ ಕಾರಣವಾಯಿತು.

ಆ ತೈಲದಲ್ಲಿ ಪರಿಮಳಕ್ಕೆ ಮುಖ್ಯವಾದ ಪದಾರ್ಥ ಸ್ಯಾಂಟಲಾಲ್. ಅದು ಆಲ್ಫಾ, ಬೀಟಾ ಎಂದು ಎರಡು ಬಗೆ. ಎರಡರಲ್ಲಿಯೂ ಒಂದೊಂದು ಅಣುವಿನಲ್ಲಿ 15 ಇಂಗಾಲದ, 24 ಜಲಜನಕದ, 1 ಆಮ್ಲಜನಕದ ಪರಮಾಣುಗಳಿವೆ. ಅವುಗಳ ಜೋಡಣೆಯಲ್ಲಿ ಮಾತ್ರ ವ್ಯತ್ಯಾಸ. ಇದು ಭಾರವಾದ ಅಣು. ಸುಮಾರು 300 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುತ್ತದೆ. ಆದುದರಿಂದಲೇ ಮಲ್ಲಿಗೆಯ ಹಾಗೆ ಒಂದೇ ಸಂಜೆಗೆ ಹಾರಿಹೋಗದೆ, ಅಜ್ಜಿಯ ಪೆಟ್ಟಿಗೆಯಲ್ಲಿಟ್ಟ ಗಂಧದ ಚಕ್ಕೆ ಮೊಮ್ಮಕ್ಕಳ ಕಾಲಕ್ಕೂ ಪರಿಮಳಿಸುತ್ತದೆ.

ಅಗರುವಿನ ಕಥೆ ಬೇರೆ. ಊದುಬತ್ತಿಗೆ ಹಿಂದೂಸ್ತಾನದಲ್ಲಿ ಅಗರಬತ್ತಿ ಎಂಬ ಹೆಸರು ಬಂದುದು ಈ ಮರದಿಂದ. ಅಸ್ಸಾಮಿನಿಂದ ಆಚೆ ಪೂರ್ವದ ದೇಶಗಳಲ್ಲಿ ಬೆಳೆಯುವ ಅಗರುವಿನ ಆರೋಗ್ಯವಾದ ಮರವನ್ನು ಕಡಿದರೆ ಬಿಳಿಯ, ಹಗುರವಾದ, ವಾಸನೆಯಿಲ್ಲದ ಸೌದೆ. ಹುಳು ಕೊರೆದೋ ಕೊಂಬೆ ಮುರಿದೋ ಗಾಯವಾಗಿ, ಆ ಗಾಯದಲ್ಲಿ ಶಿಲೀಂಧ್ರ ಬೇರೂರಿದಾಗ, ತನ್ನ ರಕ್ಷಣೆಗಾಗಿ ಮರವು ಕಪ್ಪಾದ ರಾಳವೊಂದನ್ನು ಸುರಿಸಿಕೊಳ್ಳುತ್ತದೆ. ಆ ರಾಳ ತುಂಬಿದ ಮರವೇ ಅಗರು. ಅಗುರು ಎಂಬ ಸಂಸ್ಕೃತ ಶಬ್ದಕ್ಕೆ ಭಾರವಿಲ್ಲದ್ದು ಎಂದು ಅರ್ಥ. ಆದರೆ ಉತ್ತಮವಾದ ಅಗರು ನೀರಿನಲ್ಲಿ ಮುಳುಗುತ್ತದೆ! ಈ ರಾಳದಲ್ಲಿ ಕ್ರೋಮೋನ್ ಎಂಬ ಜಾತಿಯ ಅಣುಗಳಿವೆ. ತಣ್ಣಗಿದ್ದಾಗ ಅವುಗಳಿಗೆ ಹೆಚ್ಚು ವಾಸನೆಯಿಲ್ಲ. ಕಾಯಿಸಿದಾಗ ಒಡೆದು, ಕಹಿಬಾದಾಮಿಯ ವಾಸನೆಯ ಬೆಂಜಾಲ್ಡಿಹೈಡ್ ಮೊದಲಾದವು ಹೊರಬರುತ್ತವೆ. ಗಂಧವು ಇದ್ದ ಹಾಗೆಯೇ ಆವಿಯಾಗಿ ಪರಿಮಳಿಸಿದರೆ, ಅಗರು ಬಿಸಿಗೆ ಒಡೆದು ಪರಿಮಳಿಸುವುದು.

ಸಾಂಬ್ರಾಣಿ ಮರವಲ್ಲ, ಸುಮಾತ್ರಾ ಮೊದಲಾದ ಕಡೆ ಬೆಳೆಯುವ ಮರದ ತೊಗಟೆಯನ್ನು ಗೀರಿದಾಗ ಒಸರುವ ಅಂಟು. ಅದರಲ್ಲಿ ಬೆಂಜೋಯಿಕ್ ಆಮ್ಲ ಉಂಟು. ಪೇಟೆಯ ಹಣ್ಣಿನ ರಸವೂ ಉಪ್ಪಿನಕಾಯಿಯೂ ಕೆಡದಿರಲೆಂದು ಬೆರೆಸುವ ಸೋಡಿಯಂ ಬೆಂಜೋಯೇಟ್ ಇದೇ ಆಮ್ಲದ ಲವಣ. ಕೆಂಡದ ಮೇಲೆ ಸಾಂಬ್ರಾಣಿಯ ಪುಡಿಯನ್ನು ಎರಚಿದೊಡನೆ ಗಂಟಲು ಕೆರೆದು ಕೆಮ್ಮು ಬರುವುದಲ್ಲವೆ? ಆವಿಯಾಗಿ ಮೇಲೇಳುವ ಈ ಆಮ್ಲವೂ ಅದಕ್ಕೆ ಒಂದು ಕಾರಣ.

ಇನ್ನು ಉರಿಯುವ ಬತ್ತಿಯನ್ನು ನೋಡೋಣ. ಮಕ್ಕಳೇ, ಬತ್ತಿ ಉರಿಯುತ್ತದೆ ಎಂದು ನಾವು ಹೇಳುವುದು ರೂಢಿ. ನಿಜವಾಗಿ ಅದು ಉರಿಯುವುದಿಲ್ಲ. ಹಚ್ಚಿದಾಗ ಎದ್ದ ಜ್ವಾಲೆಯನ್ನು ನಾವೇ ಆರಿಸಿಬಿಡುತ್ತೇವೆ. ಆಮೇಲೆ ನಡೆಯುವುದು ಕುಮುಲುವಿಕೆ. ತುದಿಯ ಕೆಂಪು ಕಿಡಿಯಲ್ಲಿ ಐದಾರು ನೂರು ಡಿಗ್ರಿಗೂ ಮೀರಿದ ಶಾಖವಿರುತ್ತದೆ. ಅಲ್ಲಿ ಸಿಕ್ಕಿದ ಪರಿಮಳದ ಅಣು ಸುಟ್ಟುಹೋಗುತ್ತದೆ. ಕಿಡಿಯ ಹಿಂದೆ, ಇನ್ನೂ ಕೆಂಪಾಗದ ಕೂದಲೆಳೆಯಷ್ಟು ಜಾಗದಲ್ಲಿ, ಮರ ಬಿಸಿಯಾಗಿದ್ದರೂ ಸುಡುವಷ್ಟು ಬಿಸಿಯಾಗಿರುವುದಿಲ್ಲ. ಸ್ಯಾಂಟಲಾಲ್ ಆವಿಯಾಗಿ ತಪ್ಪಿಸಿಕೊಳ್ಳುವುದು ಅಲ್ಲಿಂದ. ನಮ್ಮ ಮೂಗಿಗೆ ಬರುವ ಸುವಾಸನೆ ಬೆಂಕಿಯಿಂದ ಪಾರಾದ ಭಾಗ. ನಮ್ಮ ಕಣ್ಣಿಗೆ ಕಾಣುವ ಹೊಗೆಯಾದರೋ ಬೆಂಕಿಯಲ್ಲಿ ಅರ್ಧಂಬರ್ಧ ಬೆಂದ ಭಾಗ. ಎರಡೂ ಒಂದೇ ತುದಿಯಿಂದ ಒಟ್ಟಿಗೆ ಏಳುವುದರಿಂದ ಎರಡನ್ನೂ ಒಂದೇ ಎಂದು ನಾವು ತಿಳಿದಿದ್ದೇವೆ.

ಈ ಅರ್ಧಂಬರ್ಧ ಬೆಂದ ಭಾಗದಲ್ಲಿ ಏನೇನಿದೆ? ಗಂಧದ ಮರವಾಗಲಿ ಜಾಲಿಯ ಮರವಾಗಲಿ, ಅದರ ಒಡಲು ಬಹುಮಟ್ಟಿಗೆ ಸೆಲ್ಯುಲೋಸ್ ಮತ್ತು ಲಿಗ್ನಿನ್. ತೈಲ ನೂರರಲ್ಲಿ ಕೆಲವೇ ಪಾಲು. ಸಾಕಷ್ಟು ಆಮ್ಲಜನಕ ದೊರೆತು ಪೂರ್ಣವಾಗಿ ದಹಿಸಿದರೆ ಇಂಗಾಲದ ಡೈಆಕ್ಸೈಡೂ ನೀರಿನ ಆವಿಯೂ ಮಾತ್ರ ಉಳಿಯಬೇಕು. ಕುಮುಲುವಾಗ ಹಾಗಾಗುವುದಿಲ್ಲ. ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ. ಫಾರ್ಮಾಲ್ಡಿಹೈಡ್, ಬೆಂಜೀನ್ ಹುಟ್ಟುತ್ತವೆ. ಬೆಂಜೀನಿನ ಉಂಗುರಗಳು ಒಂದಕ್ಕೊಂದು ಅಂಟಿಕೊಂಡ, ಬೆಂಜೋಪೈರೀನ್ ಮೊದಲಾದ ಡಾಂಬರಿನ ಜಾತಿಯ ವಸ್ತುಗಳೂ ಅಲ್ಪಪ್ರಮಾಣದಲ್ಲಿ ಹುಟ್ಟುತ್ತವೆ. ಫಾರ್ಮಾಲ್ಡಿಹೈಡ್, ಬೆಂಜೀನ್, ಬೆಂಜೋಪೈರೀನ್ ಈ ಮೂರನ್ನೂ ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಮಂಡಲಿಯು ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುವ ವಸ್ತುಗಳ ಮೊದಲನೆಯ ವರ್ಗಕ್ಕೆ ಸೇರಿಸಿದೆ. ಇವೆಲ್ಲಕ್ಕೂ ವಾಹನವಾಗುವುದು ಹೊಗೆಯ ಕಣ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದಿಟ್ಟುಕೊಂಡರೆ, ಈ ಕಣಗಳಲ್ಲಿ ಹೆಚ್ಚಿನವು 2.5 ಮೈಕ್ರಾನಿಗಿಂತ ಚಿಕ್ಕವು. ಮೂಗಿನ ಕೂದಲಿಗೂ ಗಂಟಲಿನ ಲೋಳೆಗೂ ಸಿಕ್ಕದೆ ಅವು ಶ್ವಾಸಕೋಶದ ಕೊನೆಯ ಗಾಳಿಗೂಡುಗಳವರೆಗೆ ಇಳಿಯುತ್ತವೆ. ಬತ್ತಿಯ ತುದಿಯಿಂದ ಏಳುವ ಎಳೆ ನೀಲಿಯಾಗಿ ಕಾಣುವುದು ಈ ಕಣಗಳ ಸಣ್ಣತನಕ್ಕೆ ಸಾಕ್ಷಿ. ಅಷ್ಟು ಸಣ್ಣ ಕಣಗಳು ಬೆಳಕಿನಲ್ಲಿರುವ ನೀಲಿಯನ್ನೇ ಹೆಚ್ಚಾಗಿ ಚದುರಿಸುತ್ತವೆ.

ಇಲ್ಲಿ ಪೋಷಕರು ಒಂದು ಮಾತು ಕೇಳುವರು; ನಮ್ಮ ಮನೆಯಲ್ಲಿಯೂ ಕೇಳಿದ್ದಾರೆ. "ಈಗಿನ ಪೇಟೆಯ ಬತ್ತಿಯಲ್ಲಿ ಕಲಬೆರಕೆ, ಶುದ್ಧವಾದ ಗಂಧದ ಪುಡಿಯನ್ನು ಹಾಕಿದರೆ ಯಾವ ದೋಷವೂ ಇಲ್ಲ" ಎಂದು. ಮೊದಲನೆಯ ಭಾಗ ನಿಜವೇ. ಅಗ್ಗದ ಬತ್ತಿಯಲ್ಲಿ ಇರುವುದು ಇದ್ದಿಲ ಪುಡಿ, ಹೊಟ್ಟಿನ ಪುಡಿ, ಅಂಟಿಗಾಗಿ ಜಿಗಟಿನ ತೊಗಟೆಯ ಪುಡಿ, ನಡುವೆ ಬಿದಿರಿನ ಕಡ್ಡಿ. ಪರಿಮಳವನ್ನು ಥ್ಯಾಲೇಟ್ ಎಂಬ ದ್ರವದಲ್ಲಿ ಕರಗಿಸಿ, ಒಣಗಿದ ಬತ್ತಿಯನ್ನು ಅದರಲ್ಲಿ ಅದ್ದುವರು. ಇವೆಲ್ಲ ಸುಟ್ಟು ಹೊಗೆಗೆ ಸೇರುತ್ತವೆ. ಆದರೆ ಎರಡನೆಯ ಭಾಗವನ್ನು ನಾವು ಒಪ್ಪಲಾರೆವು. ಶುದ್ಧ ಗಂಧವೂ ಮರವೇ. ಅದರ ಲಿಗ್ನಿನ್ ಕುಮುಲಿದರೆ ಬರುವುದು ಮರದ ಹೊಗೆಯೇ. ಬೆಲೆ ಹೆಚ್ಚಾದ ಮಾತ್ರಕ್ಕೆ ಬೆಂಕಿ ತನ್ನ ನಿಯಮವನ್ನು ಸಡಿಲಿಸುವುದಿಲ್ಲ.

ಎಂಟನೆಯ ತರಗತಿಯವರು ಈಗ ಲೆಕ್ಕದ ಪುಸ್ತಕ ತೆರೆಯಲಿ. 2008ರಲ್ಲಿ ಪ್ರಕಟವಾದ ಒಂದು ವೈದ್ಯಕೀಯ ಸಮೀಕ್ಷೆಯ ಪ್ರಕಾರ, ಒಂದು ಗ್ರಾಂ ಧೂಪದ್ರವ್ಯ ಸುಟ್ಟರೆ 45 ಮಿಲಿಗ್ರಾಮಿಗೂ ಹೆಚ್ಚು ಕಣಗಳು ಹೊರಬರುತ್ತವೆ. ಒಂದು ಗ್ರಾಂ ಸಿಗರೇಟು ಸುಟ್ಟರೆ 10 ಮಿಲಿಗ್ರಾಂ. (ಸಿಗರೇಟಿನ ಹೊಗೆಯನ್ನು ಸೇದುವವನು ನೇರವಾಗಿ ಎದೆಗೆ ಎಳೆದುಕೊಳ್ಳುತ್ತಾನೆ, ಧೂಪದ ಹೊಗೆ ಕೋಣೆಯಲ್ಲಿ ಹರಡುತ್ತದೆ, ಆದ್ದರಿಂದ ಒಂದು ಬತ್ತಿ ನಾಲ್ಕು ಸಿಗರೇಟಿಗೆ ಸಮವೆಂದು ಯಾರೂ ಮನೆಗೆ ಹೋಗಿ ಅಜ್ಜಿಯನ್ನು ಹೆದರಿಸಬಾರದು.) ಬತ್ತಿ ಬತ್ತಿಗೆ ಈ ಪ್ರಮಾಣ ಬಹಳ ವ್ಯತ್ಯಾಸವಾಗುವುದಾದರೂ ಲೆಕ್ಕಕ್ಕೆ 45ನ್ನೇ ಹಿಡಿಯೋಣ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ದೇವರ ಕೋಣೆ. ಅದರ ಗಾತ್ರ ಸುಮಾರು 28 ಘನ ಮೀಟರ್. ಬಾಗಿಲು ಕಿಟಕಿ ಮುಚ್ಚಿ ಒಂದು ಗ್ರಾಂ ಸುಟ್ಟರೆ, 45,000 ಮೈಕ್ರೋಗ್ರಾಮನ್ನು 28ರಿಂದ ಭಾಗಿಸಬೇಕು. ಒಂದು ಘನ ಮೀಟರ್ ಗಾಳಿಗೆ ಸುಮಾರು 1,600 ಮೈಕ್ರೋಗ್ರಾಂ. ಇಂತಹ ಸಣ್ಣ ಕಣಗಳಿಗೆ ಭಾರತ ಸರ್ಕಾರ 2009ರಲ್ಲಿ ಗೊತ್ತುಮಾಡಿದ ದಿನದ ಸರಾಸರಿ ಮಿತಿ 60. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದುದು 15. ಒಂದು ಗಂಟೆಯ ಲೆಕ್ಕವನ್ನು ಇಡೀ ದಿನದ ಮಿತಿಗೆ ಹೋಲಿಸುವುದು ನ್ಯಾಯವಲ್ಲ ಎನ್ನುವಿರಾದರೆ, ಸರಿ: ಆ ಕೋಣೆಯಲ್ಲಿ ಒಂದೇ ಗಂಟೆ ಕುಳಿತು ಉಳಿದ 23 ಗಂಟೆ ಒಂದು ಕಣವೂ ಇಲ್ಲದ ಗಾಳಿಯನ್ನು ಸೇವಿಸಿದರೂ ದಿನದ ಸರಾಸರಿ 1,600ನ್ನು 24ರಿಂದ ಭಾಗಿಸಿದಷ್ಟು, ಎಂದರೆ ಸುಮಾರು 67. ಮಿತಿ ದಾಟಿತು. ಪೂಜೆಯ ದಿನ ನಾವು ಹಚ್ಚಿಸಿದ್ದು ಒಂದು ಬತ್ತಿಯನ್ನಲ್ಲ.

ಈ ಹೊಗೆಯನ್ನು ವರ್ಷಗಟ್ಟಲೆ ಸೇವಿಸಿದವರಿಗೆ ಏನಾಗುತ್ತದೆಂಬುದನ್ನು ಚೆನ್ನಾಗಿ ಪರೀಕ್ಷಿಸಿದವರು ಸಿಂಗಪುರದವರು. ಅಲ್ಲಿನ ಚೀನೀ ಮನೆಗಳಲ್ಲಿ ಪೂರ್ವಿಕರಿಗೆ ದಿನವೂ ಊದುಬತ್ತಿ ಹಚ್ಚುವ ಪದ್ಧತಿ. 1993ರಿಂದ 1998ರವರೆಗೆ, ಕ್ಯಾನ್ಸರ್ ಇಲ್ಲದ, 45ರಿಂದ 74 ವಯಸ್ಸಿನ 61,320 ಜನರನ್ನು ಆರಿಸಿಕೊಂಡು, 2005ರವರೆಗೆ ಅವರ ಆರೋಗ್ಯವನ್ನು ಗಮನಿಸಿದರು. ಬಹುಕಾಲ ಊದುಬತ್ತಿ ಹಚ್ಚಿದವರಲ್ಲಿ ಮೂಗು, ಬಾಯಿ, ಗಂಟಲು ಮೊದಲಾದ ಮೇಲಿನ ಉಸಿರುಹಾದಿಯ ಕ್ಯಾನ್ಸರ್ ಹೆಚ್ಚಾಗಿ ಕಂಡಿತು. ಶ್ವಾಸಕೋಶದ ಕ್ಯಾನ್ಸರ್ ಒಟ್ಟಿನಲ್ಲಿ ಹೆಚ್ಚಿದಂತೆ ಕಾಣಲಿಲ್ಲ, ಅದನ್ನೂ ಹೇಳಬೇಕು. ಅದೇ ಜನಸಮೂಹದಲ್ಲಿ ಹೃದಯ ಮತ್ತು ರಕ್ತನಾಳಗಳ ರೋಗದಿಂದ ಸತ್ತವರ ಲೆಕ್ಕ 2014ರಲ್ಲಿ ಪ್ರಕಟವಾಯಿತು: ಹಚ್ಚುವವರಿಗೆ ಆ ಅಪಾಯ ನೂರಕ್ಕೆ 12ರಷ್ಟು ಅಧಿಕ. ಭಯಂಕರವಾದ ಸಂಖ್ಯೆಗಳಲ್ಲ ಇವು. ಬೀಡಿ, ಸಿಗರೇಟಿನ ಮುಂದೆ ಏನೂ ಅಲ್ಲ. ಆದರೆ ಬೀಡಿ ಸೇದುವವನು ತಾನೇ ಆರಿಸಿಕೊಂಡು ಸೇದುತ್ತಾನೆ. ದೇವರ ಕೋಣೆಯ ಪಕ್ಕದಲ್ಲಿ ಮಲಗಿದ ಕೂಸು ಏನನ್ನೂ ಆರಿಸಿಕೊಂಡಿಲ್ಲ.

ಧೂಪ ಹಾಕಿದರೆ ಕ್ರಿಮಿಗಳು ಸಾಯುತ್ತವೆಂದು ಹಿರಿಯರು ಹೇಳುವುದುಂಟು. ಅದು ಕಟ್ಟುಕಥೆಯಲ್ಲ. ಮುಚ್ಚಿದ ಕೋಣೆಯಲ್ಲಿ ಹವನದ ಸಮಿತ್ತು, ಮೂಲಿಕೆಗಳ ಹೊಗೆಯನ್ನು ಒಂದು ಗಂಟೆ ಹಾಕಿದಾಗ ಗಾಳಿಯ ಬ್ಯಾಕ್ಟೀರಿಯಾಗಳು ನೂರಕ್ಕೆ 94ರಷ್ಟು ಕಡಿಮೆಯಾದುವೆಂದು ಲಖನೌದ ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದ್ದಾರೆ. ಆದರೆ ಬ್ಯಾಕ್ಟೀರಿಯಾವನ್ನು ಕೊಲ್ಲುವ ಗುಣ ಫಾರ್ಮಾಲ್ಡಿಹೈಡಿಗೂ ಉಂಟು. ಪ್ರಯೋಗಶಾಲೆಯ ಸೀಸೆಯಲ್ಲಿ ಕಪ್ಪೆ ಕೆಡದಿರುವುದು ಅದರಿಂದಲೇ. ಕ್ರಿಮಿಗೆ ವಿಷವಾದುದು ಎದೆಗೆ ಅಮೃತವಾಗಬೇಕೆಂಬ ನಿಯಮವಿಲ್ಲ.

ತಾಯಂದಿರಲ್ಲಿ ಈಗ ನಮ್ಮ ಮುಖ್ಯವಾದ ವಿಜ್ಞಾಪನೆ. ನಮ್ಮ ಕಡೆ ಬಾಣಂತಿಗೂ ಕೂಸಿಗೂ ಎರೆದ ಮೇಲೆ ಸಾಂಬ್ರಾಣಿಯ ಹೊಗೆ ಹಾಕುವುದು ವಾಡಿಕೆ. ತಲೆ ಒಣಗಲಿ, ಶೀತವಾಗದಿರಲಿ ಎಂಬುದು ಅದರ ಉದ್ದೇಶ. ನಮಗೂ ನಮ್ಮ ಅಜ್ಜಿ ಹಾಕಿರಬೇಕು. ಆದರೆ ವಿಚಾರಮಾಡಿ ನೋಡಿ. ದೊಡ್ಡವರು ನಿಮಿಷಕ್ಕೆ ಹದಿನೈದರ ಆಸುಪಾಸಿನಲ್ಲಿ ಉಸಿರಾಡಿದರೆ, ಹಸುಗೂಸು ನಲವತ್ತು ಬಾರಿ ಉಸಿರಾಡುತ್ತದೆ. ತೂಕಕ್ಕೆ ಹೋಲಿಸಿದರೆ ಅದು ಎಳೆದುಕೊಳ್ಳುವ ಗಾಳಿ ನಮಗಿಂತ ಹೆಚ್ಚು. ಅದರ ಶ್ವಾಸಕೋಶ ಇನ್ನೂ ಬೆಳೆಯುತ್ತಿರುವ ಅಂಗ. ಅಂತಹ ಕೂಸನ್ನು ಹೊಗೆಯ ಬಟ್ಟಲಿನ ಮೇಲೆ ಹಿಡಿಯುವುದು ಶೀತವನ್ನು ತಡೆಯುವುದಿಲ್ಲ, ಕೆಮ್ಮನ್ನು ಕರೆಯುತ್ತದೆ. ಇದಕ್ಕಿಂತ ಅಪಾಯದ ಪದ್ಧತಿ ಮತ್ತೊಂದುಂಟು. ಬಾಣಂತಿಯ ಕೋಣೆಯ ಬಾಗಿಲು ಮುಚ್ಚಿ, ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆಯನ್ನಿಟ್ಟು ಮಲಗುವುದು. ಕೆಂಡದಿಂದ ಬರುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿಯುವುದಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಲದಿಂದ ಅದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ಮಂಪರು, ಆಮೇಲೆ ಎಚ್ಚರವಿಲ್ಲದ ನಿದ್ರೆ. ಸಾಂಬ್ರಾಣಿಯ ಪರಿಮಳವಿದ್ದರೆ ಆ ಮಂಪರನ್ನು ಸುಖನಿದ್ರೆಯೆಂದೇ ತಿಳಿಯುವಿರಿ. ಈ ಚಳಿಗಾಲದಲ್ಲಿ ಯಾರ ಮನೆಯಲ್ಲಿಯೂ ಹೀಗೆ ಮಾಡಬೇಡಿರೆಂದು ಕೈಮುಗಿದು ಕೇಳುತ್ತೇವೆ. ಈ ಮಾತನ್ನು ಕನ್ನಡದಲ್ಲಿ, ತಮ್ಮ ಎದುರಿಗೆ ಹೇಳಬೇಕೆಂದೇ ಈ ಸಭೆಯನ್ನು ಕರೆದದ್ದು. ಪೊಟ್ಟಣದ ಮೇಲೆ ಸಣ್ಣಕ್ಷರದ ಇಂಗ್ಲಿಷಿನಲ್ಲಿ ಅಚ್ಚಾದ ಎಚ್ಚರಿಕೆಯನ್ನು ನಮ್ಮ ಹಳ್ಳಿಗಳ ಎಷ್ಟು ತಾಯಂದಿರು ಓದಿಯಾರು?

ಹಾಗಾದರೆ ಪೂಜೆಯಲ್ಲಿ ಧೂಪ ಬೇಡವೆ ಎಂದು ಹಿರಿಯರೊಬ್ಬರು ನಿನ್ನೆ ಕೇಳಿದರು. ಬೇಡವೆಂದು ನಾವು ಹೇಳುತ್ತಿಲ್ಲ. ಹೇಳಲು ಅಧಿಕಾರವೂ ಇಲ್ಲ. ಒಂದು ಬತ್ತಿ ಸಾಕು, ಕಟ್ಟು ಬೇಡ. ಎದುರುಬದುರಾಗಿ ಎರಡು ಕಿಂಡಿ ತೆರೆದಿರಲಿ. ಬತ್ತಿ ಹಚ್ಚಿದ ಕೋಣೆಯಲ್ಲಿ ಮಕ್ಕಳನ್ನು ಮಲಗಿಸಬೇಡಿ, ಓದಲು ಕೂರಿಸಬೇಡಿ. ಉಬ್ಬಸದವರು ಮನೆಯಲ್ಲಿದ್ದರೆ ಬತ್ತಿಯನ್ನು ತುಳಸಿಕಟ್ಟೆಯ ಬಳಿಗೆ ಕೊಂಡೊಯ್ಯಿರಿ. ಇನ್ನು ಪರಿಮಳವೇ ಬೇಕೆಂದರೆ, ಹೊಗೆಯಿಲ್ಲದೆ ಅದನ್ನು ಪಡೆಯುವ ಉಪಾಯವನ್ನು ನಮ್ಮ ಹಿರಿಯರೇ ಮಾಡಿಟ್ಟಿದ್ದಾರೆ. ಸಾಣೆಕಲ್ಲಿನ ಮೇಲೆ ನಾಲ್ಕು ಹನಿ ನೀರು ಹಾಕಿ ಗಂಧದ ಕೊರಡನ್ನು ತೇದರೆ ಸ್ಯಾಂಟಲಾಲ್ ಒಂದಿಷ್ಟೂ ಸುಡದೆ ಹೊರಬರುತ್ತದೆ. ಅದಕ್ಕೆ ಬೆಂಕಿಯೇ ಬೇಕಿಲ್ಲ.

ಶಾಲೆಯ ಮಟ್ಟಿಗೆ ಮಾಡಿದ ಏರ್ಪಾಡನ್ನೂ ತಿಳಿಸಿಬಿಡುತ್ತೇವೆ. ಇನ್ನು ಮುಂದೆ ಈ ಸಭಾಂಗಣದಲ್ಲಿ ಮಳೆ ಬಂದರೂ ಗಾಳಿಮರೆಯ ಕಡೆಯ ಕಿಟಕಿಗಳು ತೆರೆದೇ ಇರುವುವು. ಪೂಜೆಗೆ ತರಗತಿಗೊಂದು ಕಟ್ಟು ಬತ್ತಿಯ ಬದಲು ತರಗತಿಗೊಂದು ಹೂವಿನ ಬುಟ್ಟಿ. ಉಬ್ಬಸವುಳ್ಳ ಮಕ್ಕಳ ಹೆಸರನ್ನೂ ಅವರ ಔಷಧವನ್ನೂ ತಾವು ತರಗತಿಯ ಅಧ್ಯಾಪಕರಲ್ಲಿ ಕೊಟ್ಟಿರಬೇಕು. ಅಂದಿನ ಹಾಗೆ ಔಷಧಕ್ಕಾಗಿ ಮನೆಗೆ ಆಳು ಓಡುವಂತಾಗಬಾರದು. ಆ ಮಗು ಈ ದಿನವೂ ಮುಂದಿನ ಸಾಲಿನಲ್ಲಿಯೇ ಕುಳಿತಿದೆ, ಚೆನ್ನಾಗಿದೆ.

ಬಾಗಿಲ ಬಳಿಯ ಮೇಜಿನ ಮೇಲೆ ಎರಡು ಬಿಳಿಯ ಪಿಂಗಾಣಿ ತಟ್ಟೆಗಳಿವೆ. ಒಂದನ್ನು ಕವುಚಿಹಿಡಿದು ಅದರ ಕೆಳಗೆ ಹತ್ತನೆಯ ತರಗತಿಯವರು ಈ ಬೆಳಿಗ್ಗೆ ಒಂದೇ ಬತ್ತಿಯನ್ನು ಪೂರ್ತಿ ಉರಿಸಿದ್ದಾರೆ. ಮತ್ತೊಂದರಲ್ಲಿ ತೇದ ಗಂಧವಿದೆ. ಹೋಗುವಾಗ ಎರಡನ್ನೂ ಮೂಸಿ ನೋಡಿ. ಮೊದಲನೆಯದನ್ನು ಬೆರಳಿನಿಂದ ಒರೆಸಿಯೂ ನೋಡಿ. ಕೈತೊಳೆಯಲು ಜಗಲಿಯಲ್ಲಿ ಸೋಪು ನೀರು ಇಡಿಸಿದ್ದೇವೆ. ಆ ಕಂದು ಜಿಡ್ಡು ಬರಿಯ ನೀರಿಗೆ ಹೋಗುವುದಿಲ್ಲ.